ಹಳೆಯ ಗಣಕಯಂತ್ರಕ್ಕೆ ತಕ್ಕ ಬ್ರೌಸರ್: ಒಂದು ವಿವೇಚನೆ

ವಿದ್ಯಾಸಂಸ್ಥೆಗಳಿಗೆ ಕಾಣಿಕೆಯಾಗಿ ಬರುವ ವಸ್ತುಗಳಲ್ಲಿ ಗಣಕಯಂತ್ರವೂ ಒಂದು. ಕಚೇರಿಗಳು ಹೊಸ ಯಂತ್ರಗಳನ್ನು ಕೊಂಡಾಗ ಹಳೆಯವು ಶಾಲೆಯ ಪಾಲಿಗೆ ಬರುತ್ತವೆ. ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಕಳುಹಿಸಿಕೊಡುತ್ತಾರೆ. ಆದರೆ ಕೆಲವು ವರ್ಷಗಳಲ್ಲಿಯೇ ಅವು ಮೂಲೆ ಸೇರಿ ಧೂಳು ಹಿಡಿಯುವುದೂ ಅಪರೂಪವಲ್ಲ. ಯಂತ್ರ ಕೆಟ್ಟಿದೆಯೇ ಎಂದು ವಿಚಾರಿಸಿದರೆ, "ಕೆಟ್ಟಿಲ್ಲ, ಆದರೆ ಅಂತರಜಾಲ ತೆರೆಯುವುದಿಲ್ಲ" ಎಂಬ ಉತ್ತರ ದೊರೆಯುತ್ತದೆ. ಸಮಸ್ಯೆಯ ಮೂಲ ಈ ಉತ್ತರದಲ್ಲಿಯೇ ಅಡಗಿದೆ. ಯಂತ್ರದ ಶಕ್ತಿ ಕುಂದಿಲ್ಲ. ಅದು ಹೊರಬೇಕಾದ ಹೊರೆ ಹೆಚ್ಚಿದೆ. ಆ ಹೊರೆಯನ್ನು ಹೊರುವ ಸಾಧನವೇ ಬ್ರೌಸರ್. ಅದರ ಆಯ್ಕೆಯಲ್ಲಿ ವಿವೇಕ ತೋರಿದರೆ ಅನೇಕ ಹಳೆಯ ಯಂತ್ರಗಳು ಇನ್ನೂ ಕೆಲವು ವರ್ಷ ಮಕ್ಕಳಿಗೆ ಉಪಯುಕ್ತವಾಗಬಲ್ಲವು.

ಹೊರೆ ಬೆಳೆದ ಬಗೆ

1990ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮೊದಲ ಬ್ರೌಸರನ್ನು ರಚಿಸಿದರು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮೊಸಾಯಿಕ್, ಅಕ್ಷರಗಳ ನಡುವೆ ಚಿತ್ರಗಳನ್ನೂ ತೋರಿಸಿ ಜನಪ್ರಿಯವಾಯಿತು. ಆಗ ಜಾಲಪುಟವೆಂದರೆ ಓದುವ ಪುಟ ಮಾತ್ರ. 1995ರಲ್ಲಿ ಜಾವಾಸ್ಕ್ರಿಪ್ಟ್ ಬಂದ ತರುವಾಯ ಪುಟವು ಕ್ರಮೇಣ ಒಂದು ಕಾರ್ಯಕ್ರಮವೇ ಆಗಿ ಮಾರ್ಪಟ್ಟಿತು. ಇಂದು ಒಂದು ಪುಟವನ್ನು ತೆರೆಯುವುದೆಂದರೆ ಜಾಹೀರಾತು, ಚಲಚ್ಚಿತ್ರ, ಲೆಕ್ಕಾಚಾರಗಳೆಲ್ಲವನ್ನೂ ಏಕಕಾಲಕ್ಕೆ ನಡೆಸಿದಂತೆ.

2008ರಲ್ಲಿ ಹೊರಬಂದ ಕ್ರೋಮ್, ಟ್ಯಾಬುಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸುವ ವಿಧಾನವನ್ನು ಬಳಕೆಗೆ ತಂದಿತು. ಒಂದು ಪುಟ ಕುಸಿದರೆ ಉಳಿದವು ಕುಸಿಯುವುದಿಲ್ಲ, ಭದ್ರತೆಯೂ ಹೆಚ್ಚು. ಆದರೆ ಈ ಅನುಕೂಲಕ್ಕೆ ತೆರುವ ಬೆಲೆ ರ್‍ಯಾಮ್, ಅಂದರೆ ಯಂತ್ರದ ಕಾರ್ಯಸ್ಮೃತಿ. ಎರಡು ಗಿಗಾಬೈಟ್ ರ್‍ಯಾಮ್ ಇರುವ ಯಂತ್ರದಲ್ಲಿ ಹತ್ತು ಟ್ಯಾಬುಗಳನ್ನು ತೆರೆದರೆ ಸ್ಮೃತಿ ಸಾಲದೆ ಹಾರ್ಡ್‌ಡಿಸ್ಕಿನ ಮೊರೆ ಹೋಗಬೇಕಾಗುತ್ತದೆ. ಹಾರ್ಡ್‌ಡಿಸ್ಕು ನಿಧಾನಗತಿಯದು. ಯಂತ್ರ 'ನಿಂತುಹೋಯಿತು' ಎಂದು ಅನೇಕ ವೇಳೆ ಭಾಸವಾಗುವುದು ಇದರಿಂದಲೇ.

ಮೊದಲು ಅರಿಯಬೇಕಾದ ಮೂರು ಸಂಗತಿಗಳು

ಬ್ರೌಸರನ್ನು ಆರಿಸುವ ಮುನ್ನ ಯಂತ್ರದ ಸ್ಥಿತಿಯನ್ನು ತಿಳಿಯಬೇಕು. ರ್‍ಯಾಮ್ ಎಷ್ಟಿದೆ? ಪ್ರೊಸೆಸರ್ 32 ಬಿಟ್ಟಿನದೋ 64 ಬಿಟ್ಟಿನದೋ? ಕಾರ್ಯಾಚರಣ ವ್ಯವಸ್ಥೆ ಯಾವುದು?

ಇವುಗಳಲ್ಲಿ ಮೂರನೆಯದು ನಿರ್ಣಾಯಕ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೂ ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 7ರಲ್ಲಿ ನಡೆಯುವ ಕ್ರೋಮ್‌ನ ಕೊನೆಯ ಆವೃತ್ತಿ 109; 2023ರ ಫೆಬ್ರವರಿಯಲ್ಲಿ ಬಂದ 110ನೆಯ ಆವೃತ್ತಿಗೆ ವಿಂಡೋಸ್ 10 ಅನಿವಾರ್ಯವಾಯಿತು. ಫೈರ್‌ಫಾಕ್ಸ್ ಮಾತ್ರ 2023ರ ಜುಲೈಯಲ್ಲಿ ಹೊರಬಂದ 115ನೆಯ ಆವೃತ್ತಿಯ ದೀರ್ಘಾವಧಿ ಶಾಖೆಯ ಮೂಲಕ ಆ ಹಳೆಯ ವ್ಯವಸ್ಥೆಗೆ ಭದ್ರತಾ ತಿದ್ದುಪಡಿಗಳನ್ನು ಒದಗಿಸುತ್ತ, ಅದರ ಅವಧಿಯನ್ನು ಹಲವು ಬಾರಿ ವಿಸ್ತರಿಸಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ರ ನಿಯಮಗಳು ಬಿಗಿಯಾಗಿರುವುದರಿಂದ ಸುಸ್ಥಿತಿಯಲ್ಲಿರುವ ಅನೇಕ ಯಂತ್ರಗಳಿಗೆ ಅಲ್ಲಿ ಅಧಿಕೃತ ಪ್ರವೇಶವಿಲ್ಲ.

ಪ್ರೊಸೆಸರಿನ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. 64 ಬಿಟ್ಟಿನ ಪ್ರೊಸೆಸರ್ ಇರುವ ಎಷ್ಟೋ ಯಂತ್ರಗಳಲ್ಲಿ 32 ಬಿಟ್ಟಿನ ವಿಂಡೋಸನ್ನು ಅಳವಡಿಸಿರುತ್ತಾರೆ. ಪರದೆಯ ಮೇಲೆ ಕಂಡ 32 ಎಂಬ ಅಂಕೆಯನ್ನು ನೋಡಿದೊಡನೆ ಯಂತ್ರವನ್ನು ತಿರಸ್ಕರಿಸಬಾರದು. ಪ್ರೊಸೆಸರಿನ ಹೆಸರನ್ನೇ ಓದಿ ನಿರ್ಣಯಿಸಬೇಕು.

ಬೀಗ ಮತ್ತು ಗಡಿಯಾರ

ಹಳೆಯ ಬ್ರೌಸರಿನಲ್ಲಿ ಕೆಲವು ತಾಣಗಳು ತೆರೆಯದಿರಲು ಇನ್ನೊಂದು ಕಾರಣವುಂಟು. ಇಂದಿನ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುತ್ತವೆ. ತಮ್ಮ ಗುರುತನ್ನು ಪ್ರಮಾಣಪತ್ರದಿಂದ ಸ್ಥಾಪಿಸುತ್ತವೆ. ಈ ಪ್ರಮಾಣಪತ್ರಗಳಿಗೆ ಅವಧಿಯುಂಟು. 2021ರ ಸೆಪ್ಟೆಂಬರ್ 30ರಂದು ಬಹುಸಂಖ್ಯೆಯ ತಾಣಗಳು ಆಧರಿಸಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ನವೀಕರಣ ಕಾಣದ ಅನೇಕ ಹಳೆಯ ಯಂತ್ರಗಳಲ್ಲಿ ಆ ತಾಣಗಳು ತೆರೆಯದಾದವು. ಫೈರ್‌ಫಾಕ್ಸ್ ತನ್ನದೇ ಆದ ಪ್ರಮಾಣಪತ್ರಗಳ ಪಟ್ಟಿಯನ್ನು ಇಟ್ಟುಕೊಂಡಿರುವುದರಿಂದ ಇಂಥ ಸಂದರ್ಭದಲ್ಲಿ ಹಳೆಯ ಯಂತ್ರಕ್ಕೆ ಆಸರೆಯಾಗುತ್ತದೆ.

ಕೆಲವೊಮ್ಮೆ ದೋಷ ಬ್ರೌಸರಿನದೇ ಅಲ್ಲ. ಯಂತ್ರದೊಳಗೆ ನಾಣ್ಯದಾಕಾರದ ಒಂದು ಸೆಲ್ ಇರುತ್ತದೆ. ಅದು ಬರಿದಾದರೆ ಯಂತ್ರದ ದಿನಾಂಕ ಹಿಂದಕ್ಕೆ ಸರಿಯುತ್ತದೆ. ಆಗ ಸರಿಯಾದ ಪ್ರಮಾಣಪತ್ರವೂ ಅಮಾನ್ಯವೆಂದು ತೋರುತ್ತದೆ. ಸೆಲ್ ಬದಲಿಸಿ ದಿನಾಂಕ ತಿದ್ದಿದರೆ ಸಾಕು. ಇಷ್ಟು ಸಣ್ಣ ಕಾರಣಕ್ಕೆ ಒಂದು ಯಂತ್ರವನ್ನು ಮೂಲೆಗೆ ಹಾಕುವುದು ನ್ಯಾಯವಲ್ಲ.

ಯಾವುದನ್ನು ಆರಿಸಬೇಕು?

ನಾಲ್ಕು ಗಿಗಾಬೈಟ್ ರ್‍ಯಾಮ್ ಇದ್ದರೆ ಫೈರ್‌ಫಾಕ್ಸ್ ಅಥವಾ ಕ್ರೋಮ್ ಮಿತಬಳಕೆಗೆ ಒದಗುತ್ತವೆ. ಫೈರ್‌ಫಾಕ್ಸಿಗೆ ಯುಬ್ಲಾಕ್ ಒರಿಜಿನ್ ಎಂಬ ಉಚಿತ ಪೂರಕವನ್ನು ಸೇರಿಸಿದರೆ ಜಾಹೀರಾತುಗಳ ಹೊರೆ ತಗ್ಗಿ ಪುಟಗಳು ಹಗುರವಾಗುತ್ತವೆ. ಎರಡು ಗಿಗಾಬೈಟ್ ಮಾತ್ರವಿದ್ದರೆ ಎರಡು ಮೂರು ಟ್ಯಾಬುಗಳಿಗೆ ತೃಪ್ತರಾಗಬೇಕು. ಡಿಲ್ಲೊ, ನೆಟ್‌ಸರ್ಫ್ ಮುಂತಾದ ಹಗುರ ಬ್ರೌಸರುಗಳು ಅತ್ಯಲ್ಪ ಸ್ಮೃತಿಯಲ್ಲಿಯೂ ನಡೆಯುತ್ತವೆ. ಆದರೆ ಡಿಲ್ಲೊ ಜಾವಾಸ್ಕ್ರಿಪ್ಟನ್ನು ನಡೆಸುವುದಿಲ್ಲ. ನೆಟ್‌ಸರ್ಫ್ ಅಲ್ಪವಾಗಿ ಮಾತ್ರ ನಡೆಸುತ್ತದೆ. ಸರಳ ಪಠ್ಯವನ್ನು ಓದಲು ಅವು ಸಾಕು. ಅರ್ಜಿ ತುಂಬುವುದಕ್ಕೂ ಪಾಠದ ಚಲಚ್ಚಿತ್ರಗಳಿಗೂ ಸಾಲವು.

ಕನ್ನಡ ಶಾಲೆಗಳು ಇನ್ನೊಂದು ಪರೀಕ್ಷೆಯನ್ನು ಮಾಡಲೇಬೇಕು. ಕನ್ನಡದ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವುದು ಎಲ್ಲ ಹಗುರ ಬ್ರೌಸರುಗಳಿಗೂ ಸಾಧ್ಯವಾಗುವುದಿಲ್ಲ. 'ಸ್ವಾತಂತ್ರ್ಯ', 'ಶಾಸ್ತ್ರ', 'ಉಜ್ಜ್ವಲ' ಎಂಬ ಪದಗಳುಳ್ಳ ಪುಟವೊಂದನ್ನು ತೆರೆದು ನೋಡಬೇಕು. ಅಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಆ ಬ್ರೌಸರ್ ಎಷ್ಟೇ ವೇಗವಾಗಿದ್ದರೂ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಅಕ್ಷರ ಕಲಿಸುವ ಸ್ಥಳದಲ್ಲಿ ತಪ್ಪು ಅಕ್ಷರ ಕಾಣಬಾರದು.

ಬೆಂಬಲ ಕಳೆದುಕೊಂಡ ವಿಂಡೋಸಿಗಿಂತ ಲಿನಕ್ಸ್ ಉತ್ತಮ ಮಾರ್ಗ. 64 ಬಿಟ್ಟಿನ ಯಂತ್ರದಲ್ಲಿ ಲುಬುಂಟು ಅಥವಾ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ರೂಪವನ್ನು ಉಚಿತವಾಗಿ ಅಳವಡಿಸಿ, ಅದರಲ್ಲಿ ಫೈರ್‌ಫಾಕ್ಸಿನ ಹೊಸ ಆವೃತ್ತಿಯನ್ನೇ ಬಳಸಬಹುದು. 32 ಬಿಟ್ಟಿನ ಯಂತ್ರಗಳಿಗೆ ಈ ದಾರಿಯೂ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, ಅವುಗಳಿಗಾಗಿ ಅಳವಡಿಕೆಯ ಸಾಧನವನ್ನು ನೀಡಲಿಲ್ಲ.

ಮೀರಬಾರದ ಗೆರೆ

ಮಿತವ್ಯಯ ಸದ್ಗುಣವೇ. ಆದರೆ ಅದರ ಹೆಸರಿನಲ್ಲಿ ಮಕ್ಕಳ ಭದ್ರತೆಯನ್ನು ಒತ್ತೆಯಿಡಲಾಗದು. ತಿದ್ದುಪಡಿಗಳು ನಿಂತುಹೋದ ಬ್ರೌಸರಿನಲ್ಲಿ ದೋಷಗಳು ಹೊರಗಿನವರಿಗೆ ತಿಳಿದಿರುತ್ತವೆ, ಸರಿಪಡಿಸುವವರು ಇರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಪಾಸ್‌ವರ್ಡುಗಳನ್ನು ಅಂಥ ಯಂತ್ರದಲ್ಲಿ ಎಂದಿಗೂ ನಮೂದಿಸಬಾರದು. ಬಡ ಕುಟುಂಬವೊಂದರ ವರ್ಷದ ನೆರವು ಆ ಒಂದು ಅರ್ಜಿಯನ್ನೇ ಅವಲಂಬಿಸಿರುತ್ತದೆ. ಈ ಕಾರ್ಯಕ್ಕೆ ಶಾಲೆಯಲ್ಲಿ ನವೀಕೃತವಾದ ಒಂದು ಯಂತ್ರವನ್ನಾದರೂ ಪ್ರತ್ಯೇಕವಾಗಿರಿಸಬೇಕು. ಬೆಂಬಲವಿಲ್ಲದ ಯಂತ್ರಗಳನ್ನು ಅಂತರಜಾಲದಿಂದ ಬೇರ್ಪಡಿಸಿ ಕನ್ನಡ ಬೆರಳಚ್ಚು, ಗಣಿತದ ಅಭ್ಯಾಸ, ಮೊದಲೇ ಸಂಗ್ರಹಿಸಿದ ಪಾಠಗಳಿಗೆ ಬಳಸುವುದು ಕ್ಷೇಮಕರ.

ದಾನಿಗಳಲ್ಲಿಯೂ ಒಂದು ಅರಿಕೆ ಸಲ್ಲುತ್ತದೆ. ಯಂತ್ರವನ್ನು ಕೊಡುವಾಗ ಅದರ ರ್‍ಯಾಮ್, ಪ್ರೊಸೆಸರ್, ತಯಾರಾದ ವರ್ಷ ಇವುಗಳನ್ನು ಬರೆದುಕೊಟ್ಟರೆ ಶಿಕ್ಷಕರ ಶ್ರಮ ಉಳಿಯುತ್ತದೆ. ಹತ್ತು ಹಳೆಯ ಯಂತ್ರಗಳನ್ನು ಕೊಡುವ ಬದಲು ಐದನ್ನು ಕೊಟ್ಟು, ಅವುಗಳಿಗೆ ಹೆಚ್ಚಿನ ರ್‍ಯಾಮನ್ನೂ ಹಾರ್ಡ್‌ಡಿಸ್ಕಿನ ಸ್ಥಾನದಲ್ಲಿ ವೇಗದ ಎಸ್‌ಎಸ್‌ಡಿಯನ್ನೂ ಒದಗಿಸಿದರೆ ಆ ಕಾಣಿಕೆ ಹೆಚ್ಚು ಫಲ ಕೊಡುತ್ತದೆ. ದಾಸೋಹದಲ್ಲಿ ಬಡಿಸಿದ ಅನ್ನ ಉಣ್ಣುವವನ ಹಸಿವೆಯನ್ನು ತಣಿಸಬೇಕು. ಶಾಲೆಗೆ ಬಂದ ಯಂತ್ರವೂ ಮಗುವಿನ ಅರಿವಿನ ಹಸಿವೆಗೆ ಒದಗಬೇಕು. ಹಾಗೆ ಒದಗುವವರೆಗೆ ಅದು ಹಳೆಯದಲ್ಲ.