ಹೊಸ ವಿಮಾನಕ್ಕೆ ಗಾಯ ಬರೆಯಬೇಡ

ಬೈಲಹೊಂಗಲ

ಚಿ. ಶಿವಲೀಲಾಗೆ,

ಮಳೆ ಹಿಡಿದಾಗಿನಿಂದ ನಿಮ್ಮಜ್ಜಿಗೆ ಮೊಣಕಾಲು ನೋವು ಸ್ವಲ್ಪ ಜಾಸ್ತಿ. ಆದರೂ ನಿನಗೆಂದು ಶೇಂಗಾ ಹೋಳಿಗೆ ಮಾಡಿಟ್ಟಿದ್ದಾಳೆ. ನಿನ್ನ ಕಾಕಾ ಹುಬ್ಬಳ್ಳಿಗೆ ಬಂದಾಗ ಹಾಸ್ಟೆಲಿಗೆ ತಂದು ಕೊಡುತ್ತಾನೆ, ಗೆಳತಿಯರಿಗೂ ಹಂಚು.

ನಿನ್ನ ಕಾಗದ ಓದಿದೆ, ಫೋನಿಗೆ ಕಳಿಸಿದ ಫೋಟೋಗಳನ್ನೂ ನೋಡಿದೆ. ಅಮೆರಿಕದ ಪಿ-36 ವಿಮಾನದ ದೊಡ್ಡ ಕಿಟ್ ತರಿಸಿ, ಅದನ್ನು ತಿದ್ದಿ, 1942ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಟ್ಟಿದ ಹಾಕ್ ಫೈಟರ್ ಮಾಡುತ್ತೇನೆ ಅಂತ ಬರೆದಿದ್ದೀ. ಆ ಸಾಲನ್ನು ನಿಮ್ಮಜ್ಜಿಗೆ ಮತ್ತೆ ಮತ್ತೆ ಓದಿ ಹೇಳಿದೆ. ಎಚ್‌ಎಎಲ್‌ನ ತಗಡಿನ ಕೆಲಸದಲ್ಲಿ ಆಯುಷ್ಯ ಕಳೆದವನ ಮೊಮ್ಮಗಳು ಹೀಗೆ ಬರೆದರೆ ಅವನಿಗೆ ಏನಾಗುತ್ತದೆ ಅಂತ ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಈ ಕಾಗದ.

ಮೊದಲು ಅಂಜಿಕೆಯ ಮಾತು ಮುಗಿಸಿಬಿಡುತ್ತೇನೆ. ಕೋಣೆಯ ಕಿಟಕಿ ಹಾಕಿಕೊಂಡು ಥಿನ್ನರ್ ಬಳಸಬೇಡ. ರೆಸಿನ್ ತುಣುಕುಗಳನ್ನು ಒಣದಾಗಿ ತಿಕ್ಕಬೇಡ. ಪಾಲಿಶ್ ಕಾಗದ ನೀರಲ್ಲಿ ತೋಯಿಸಿ ತಿಕ್ಕಿದರೆ ಧೂಳು ಏಳುವುದಿಲ್ಲ, ಆದರೂ ಮೂಗಿಗೆ ಮಾಸ್ಕ್ ಇರಲಿ. ಬ್ಲೇಡು ಮೊಂಡಾದ ಕೂಡಲೇ ಬದಲಿಸು. ಬಲ ಹಾಕಿ ಒತ್ತಬೇಕಾದ ಮೊಂಡ ಬ್ಲೇಡೇ ಜಾರಿ ಕೈ ಕೊಯ್ಯುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಡಬ್ಬಿ ಮುಚ್ಚಿಡು, ವಿಮಾನ ಎಲ್ಲಿಗೂ ಹಾರಿಹೋಗುವುದಿಲ್ಲ.

ನೀನು ಬರೆದ ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ನಮ್ಮಪ್ಪ ಬೈಲಹೊಂಗಲದ ಅರಳೆ ಪೇಟೆಗೆ ಬಂಡಿ ಹೊಡೆಯುತ್ತಿದ್ದ. 1942ರಲ್ಲಿ ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಬ್ರಿಟಿಷ್ ವಾಯುಪಡೆ ವಿಮಾನ ನಿಲ್ದಾಣ ಮಾಡಿತು. ಸವದತ್ತಿ ಹಾದಿಯಲ್ಲಿ ಹೇರು ತುಂಬಿದ ಬಂಡಿ ಬರುವಾಗ ತಲೆಯ ಮೇಲೆ ವಿಮಾನ ಹಾದರೆ ಎತ್ತುಗಳು ಬೆದರುತ್ತಿದ್ದವಂತೆ. ಅಪ್ಪ ಇಳಿದು ರುಮಾಲಿನಿಂದ ಎತ್ತಿನ ಕಣ್ಣು ಮುಚ್ಚಿ ನಿಲ್ಲುತ್ತಿದ್ದನಂತೆ. ಮುಂದೆ ನಾನು ಬೆಂಗಳೂರಿನ ಕಾರ್ಖಾನೆ ಸೇರಿದ ಮೇಲೆ ಊರಿಗೆ ಬಂದಾಗ ಅವನು ಕೇಳಿದ ಮೊದಲ ಮಾತು, “ಅಂಥಾವು ನಮ್ಮ ಮಂದಿ ಕೈಲೆ ಆಗ್ತಾವೇನಪಾ?” ಆಗ್ತಾವ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ.

ನಾನೂ ಬಹಳ ವರ್ಷ, ಬೆಂಗಳೂರಿನಲ್ಲಿ ಕಟ್ಟಿದ ಮೊದಲ ಫೈಟರ್ ಅಂದರೆ 1961ರಲ್ಲಿ ಹಾರಿದ ಮಾರುತ ಅಂತಲೇ ಎಲ್ಲರಿಗೂ ಹೇಳುತ್ತಿದ್ದೆ. ಅದು ತಪ್ಪು. ಮಾರುತ ನಮ್ಮದೇ ದೇಶದಲ್ಲಿ ವಿನ್ಯಾಸವಾದ ಮೊದಲ ಜೆಟ್ ಫೈಟರ್, ನಿಜ. ಆದರೆ ಅದಕ್ಕೂ ಹತ್ತೊಂಬತ್ತು ವರ್ಷ ಮೊದಲು ಅದೇ ನೆಲದಿಂದ ಹಾಕ್ ಎದ್ದಿತ್ತು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಮುಂದಿನ ಎಚ್‌ಎಎಲ್, ಶುರು ಮಾಡಿದರು. ಮೈಸೂರು ಸರ್ಕಾರ ಜಾಗ ಕೊಟ್ಟು ಪಾಲುದಾರನಾಯಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲೆ ಯಂತ್ರ, ತಂತ್ರಜ್ಞರನ್ನು ಒದಗಿಸಿದ. 1941ರ ಆಗಸ್ಟಿನಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಹಾರಿತು, 1942ರ ಜುಲೈಯಲ್ಲಿ ಕರ್ಟಿಸ್ ಹಾಕ್. ಸಾಲಾಗಿ ಹಾಕ್ ಕಟ್ಟುವ ಯೋಜನೆ ಮಾತ್ರ ಮುಂದುವರಿಯಲಿಲ್ಲ. ಜಪಾನೀಯರು ಬರ್ಮಾಕ್ಕೆ ಬಂದಿದ್ದರು. ಹೊಸದು ಕಟ್ಟುವುದಕ್ಕಿಂತ ಕೆಟ್ಟು ಬಂದ ವಿಮಾನಗಳ ದುರಸ್ತಿಯೇ ಅವಸರದ ಕೆಲಸವಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಹೀಗಾಗಿ ಬೆಂಗಳೂರಿನ ಹಾಕ್‌ಗಳು ಕೆಲವೇ ಕೆಲವು, ಅವುಗಳ ಹೆಸರು ಹೇಳುವವರೂ ಕಡಿಮೆ. ಎಲ್ಲರೂ ಸ್ಪಿಟ್‌ಫೈರ್ ಮಾಡುವಾಗ ನೀನು ಇದನ್ನು ಹಿಡಿದೆಯಲ್ಲ, ಅದು ನನಗೆ ಹೆಮ್ಮೆ.

ಈಗ ಕೆಲಸದ ಮಾತು. ಪಿ-36 ಕೂಡ ಹಾಕ್ ಮನೆತನದ್ದೇ, ಆದರೆ ನಿನ್ನ ಕಿಟ್ಟಿನ ಮೂಗು ಬೇರೆ, ನಿನಗೆ ಬೇಕಾದ ಮೂಗು ಬೇರೆ. ಪಿ-36ಕ್ಕೆ ಇರುವುದು ಟ್ವಿನ್ ವಾಸ್ಪ್ ಎಂಜಿನ್: ಎರಡು ಸಾಲು, ಹದಿನಾಲ್ಕು ಸಿಲಿಂಡರ್. ಬೆಂಗಳೂರಿನ ಹಾಕ್‌ಗೆ ರೈಟ್ ಸೈಕ್ಲೋನ್: ಒಂದೇ ಸಾಲು, ಒಂಬತ್ತು ಸಿಲಿಂಡರ್. ಸಾಲು ಕಡಿಮೆಯಾದರೂ ಸೈಕ್ಲೋನ್ ಅಗಲದಲ್ಲಿ ದೊಡ್ಡದು. 32ಕ್ಕೆ 1ರ ಅಳತೆಯಲ್ಲಿ ಟ್ವಿನ್ ವಾಸ್ಪ್ ಸುಮಾರು 38 ಮಿಲಿಮೀಟರ್ ಆದರೆ ಸೈಕ್ಲೋನ್ ಸುಮಾರು 43. ಕಣ್ಣಿಗೆ ಐದು ಮಿಲಿಮೀಟರ್ ಏನೂ ಅಲ್ಲ ಅನಿಸಬಹುದು, ವಿಮಾನದ ಮುಖವೇ ಬದಲಾಗುವುದು ಅಲ್ಲಿಯೇ. ಸೈಕ್ಲೋನಿನ ಕೌಲಿಂಗ್, ಅಂದರೆ ಎಂಜಿನ್ ಸುತ್ತಲಿನ ಕವಚ, ಗಿಡ್ಡ, ದಪ್ಪ. ಅದರ ಹಿಂದಿನ ಅಂಚಿನಲ್ಲಿ ತೆರೆದು ಮುಚ್ಚುವ ಪಟ್ಟಿಗಳಿಲ್ಲ, ಮೇಲೆ ಬಂದೂಕಿನ ಬಾಯಿಗಿರುವ ದುಂಡನೆಯ ಮುಚ್ಚಳಗಳೂ ಇಲ್ಲ. ಕಿಟ್ಟಿನ ಕೌಲಿಂಗಿಗೆ ಪುಟ್ಟಿ ಮೆತ್ತಿ ದಪ್ಪ ಮಾಡಲು ಹೋಗಬೇಡ, ಎಷ್ಟು ತಿಕ್ಕಿದರೂ ಗುಂಡಗೆ ಬರುವುದಿಲ್ಲ. ಕಟ್ಟಿಗೆಯ ಅಚ್ಚು ಮಾಡಿ, ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆ. ಇಲ್ಲಿ ಪೇಟೆಯಲ್ಲಿ ತೊಟ್ಟಿಲ ಕಾಲು ತಿರುವುವ ಬಡಿಗೇರ ಇದ್ದಾನೆ, ಅವನ ಲೇತಿನ ಮೇಲೆ ಅದು ಸಣ್ಣ ಕೆಲಸ. ಹಾಳೆಯ ದಪ್ಪವನ್ನು ಅಚ್ಚಿನ ಅಳತೆಯಲ್ಲಿ ಕಳೆಯುವುದು ಮರೆಯಬೇಡ.

ಎಂಜಿನ್ನಿನ ಮುಂಭಾಗದಲ್ಲಿ ಸಿಲಿಂಡರಿಗೆ ಎರಡರಂತೆ ಹದಿನೆಂಟು ಪುಶ್‌ರಾಡ್ ಕೊಳವೆ ಕಾಣಬೇಕು. ಪ್ಲಗ್ಗುಗಳೂ ಸಿಲಿಂಡರಿಗೆ ಎರಡು, ಅವುಗಳ ವೈರಿಗೆ ದುಡ್ಡು ಖರ್ಚು ಮಾಡಬೇಡ. ಬೋರಿನ ಮೋಟರ್ ಸುತ್ತುವ ಅಂಗಡಿಯಲ್ಲಿ ಬಿಚ್ಚಿ ಬಿಸಾಕಿದ ತಾಮ್ರದ ತಂತಿ ಕೇಳಿದರೆ ಒಂದು ಮುಷ್ಟಿ ಕೊಡುತ್ತಾರೆ. ಸುಟ್ಟ ಎಳೆ ಬಿಟ್ಟು ಮೆತ್ತಗಿನದನ್ನು ಆರಿಸಿಕೊ. ಚಕ್ರಗಳ ವಿಷಯದಲ್ಲಿ ಒಂದು ಎಚ್ಚರ: ಹಾಕ್‌ನ ಕಾಲು ಹಿಂದಕ್ಕೆ ಮಡಚುವಾಗ 90 ಡಿಗ್ರಿ ತಿರುಗಿ, ಚಕ್ರ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುತ್ತದೆ. ಆ ತಿರುಗಣಿಯ ಜಾಗ ನಕ್ಷೆಯಲ್ಲಿ ನೋಡಿ ಅರ್ಥ ಮಾಡಿಕೊಂಡ ಮೇಲೆಯೇ ಅಂಟು ಹಚ್ಚು.

ಚುಕ್ಕಾಣಿ, ಎಲಿವೇಟರ್, ಏಲೆರಾನ್ ಇವು ಲೋಹದ ಚೌಕಟ್ಟಿಗೆ ಬಟ್ಟೆ ಹೊದಿಸಿದವು. ಕಿಟ್ ಮಾಡುವವರು ಅಲ್ಲಿ ಬಟ್ಟೆ ಜೋತುಬಿದ್ದ ಹಾಗೆ ಗುಳಿ ತೋಡಿರುತ್ತಾರೆ. ಅದು ಸುಳ್ಳು. ನಮ್ಮ ಕಾರ್ಖಾನೆಯ ಪುಷ್ಪಕ ವಿಮಾನಕ್ಕೆ ಬಟ್ಟೆ ಹೊದಿಸಿ ಡೋಪ್ ಬಳಿಯುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಡೋಪ್ ಆರಿದ ಹಾಗೆ ಬಟ್ಟೆ ಬಿಗಿಯುತ್ತಾ ಹೋಗಿ, ರಾಮದುರ್ಗದಲ್ಲಿ ನಿನ್ನ ಅಮ್ಮನ ತವರಿನ ಮಗ್ಗದ ಮೇಲಿನ ಹಾಸಿನಂತೆ ನಿಲ್ಲುತ್ತದೆ. ಗುಳಿ ತುಂಬಿ ತಿಕ್ಕು. ಒಳಗಿನ ಪಕ್ಕೆಯ ಗೆರೆ ಬೆಳಕಿಗೆ ಹಿಡಿದಾಗ ಮಾತ್ರ ಕಂಡರೆ ಸಾಕು.

ಇಷ್ಟೆಲ್ಲ ನೀನು ಮಾಡುತ್ತೀ, ನನಗೆ ನಂಬಿಕೆ ಇದೆ. ನನ್ನ ಚಿಂತೆ ಬೇರೆ. ಕೊನೆಯ ಫೋಟೋದಲ್ಲಿ ಬಾಣ ಹಾಕಿ ಬರೆದಿದ್ದೀ: ರೆಕ್ಕೆಯ ಮೇಲೆ ಗುಂಡಿನ ತೂತು, ಹೊಟ್ಟೆಯ ಕೆಳಗೆ ಎಣ್ಣೆಯ ಕಲೆ, ಬಣ್ಣ ಕಿತ್ತ ಅಂಚು, ಮೂಗಿಗೆ ಶಾರ್ಕಿನ ಬಾಯಿ. ಅವ್ವಾ, ಶಾರ್ಕಿನ ಬಾಯಿ ಹೆಸರಾದದ್ದು ಚೀನಾದ ಪರವಾಗಿ ಕಾದಾಡಿದ ಫ್ಲೈಯಿಂಗ್ ಟೈಗರ್ಸ್ ತಂಡದ ಪಿ-40ಗಳಿಂದ. ಪಾಲೆಗೂ ಆ ತಂಡಕ್ಕೂ ಸಂಬಂಧ ಇತ್ತು, ಅದಕ್ಕೆ ನಿನಗೆ ಹಾಗೆ ಅನಿಸಿರಬೇಕು. ಡಬ್ಬಿಯೊಂದಿಗೆ ಕೊಂಡ ಎರಡು ಬಗೆಯ ನೀಲಿಯ ವೃತ್ತಗಳೂ ನಿನ್ನ ವಿಮಾನಕ್ಕೆ ಸಲ್ಲುವುದಿಲ್ಲ. ಅವು ಆಗ್ನೇಯ ಏಷ್ಯಾ ಕಮಾಂಡಿನ ಗುರುತು, ಆ ಕಮಾಂಡ್ ಹುಟ್ಟಿದ್ದೇ 1943ರಲ್ಲಿ. ಗಾಯಗೊಂಡ ವಿಮಾನವೇ ಬೇಕು ಅಂದರೆ ಅದಕ್ಕೂ ದಾರಿ ಇದೆ. ಬರ್ಮಾ ಗಡಿಯಲ್ಲಿ ಬ್ರಿಟಿಷ್ ವಾಯುಪಡೆಯ 5 ಮತ್ತು 155ನೇ ಸ್ಕ್ವಾಡ್ರನ್‌ಗಳು ಇದೇ ಹಾಕ್ ಅನ್ನು ಮೊಹಾಕ್ ಹೆಸರಿನಲ್ಲಿ ಹಾರಿಸಿದವು. ಅವುಗಳಲ್ಲೊಂದರ ಫೋಟೋ ಮುಂದಿಟ್ಟುಕೊಂಡು, ಅದರಲ್ಲಿ ಕಂಡ ಕಲೆಯನ್ನಷ್ಟೇ ಹಾಕಿ ಮಾಡು. ಆದರೆ ನೀನು ಮಾಡಬೇಕೆಂದಿರುವುದು ಜುಲೈ 1942ರ ಬೆಂಗಳೂರಿನ ಹಾಕ್. ಅದು ಇನ್ನೂ ಯುದ್ಧ ಕಂಡಿರಲಿಲ್ಲ.

ಕಿತ್ತೂರಿನ ಶಾಲೆಯಲ್ಲಿದ್ದಾಗ ನಿನ್ನನ್ನು ಕೋಟೆಗೆ ಕರೆದೊಯ್ದದ್ದು ನೆನಪಿರಬೇಕು. ಅರಮನೆಯ ಮುರಿದ ಗೋಡೆಗಳ ನಡುವೆ ನಿಂತು, ಮೇಲೆ ಏನಿತ್ತು ಅಜ್ಜಾ ಅಂತ ಕೇಳಿದ್ದೆ. ಏನೋ ಒಂದು ಚೆಂದದ ಕಥೆ ಹೇಳಿಬಿಡಬಹುದಿತ್ತು. ಉಳಿದಿರುವುದು ಇಷ್ಟೇ, ಇದನ್ನೇ ಸರಿಯಾಗಿ ನೋಡು ಅಂದೆ. ನೀನು ಕುಳಿತು ಕಲ್ಲಿನ ಜೋಡಣೆಯನ್ನು ಬೆರಳಿನಿಂದ ಸವರಿ ನೋಡಿದೆ. ಆ ಬೆರಳೇ ಈಗ ಈ ಕೆಲಸಕ್ಕೆ ಬೇಕು.

ಹೊಸ ವಿಮಾನ ಅಂದರೆ ಆಟಿಗೆ ಸಾಮಾನಿನ ಹಾಗೆ ಬೋಳಾಗಿರುವುದಿಲ್ಲ. ತಗಡಿನಿಂದ ತಗಡಿಗೆ ಹೊಳಪು ಕೂದಲೆಳೆಯಷ್ಟು ಬೇರೆ ಇರುತ್ತದೆ. ರೆಕ್ಕೆಯ ಬುಡದಲ್ಲಿ ಹತ್ತಿ ಇಳಿದವರ ಕಾಲಿನ ತಿಕ್ಕು ಇರುತ್ತದೆ. ನಮ್ಮ ಶಾಪಿನಲ್ಲಿ ಅಲ್ಯುಮಿನಿಯಂ ಮೇಲೆ ಸೀಸದ ಪೆನ್ಸಿಲ್ಲಿನಿಂದ ಗುರುತು ಹಾಕಲು ಬಿಡುತ್ತಿರಲಿಲ್ಲ, ಗ್ರಾಫೈಟ್ ತಗಲಿದ ಜಾಗ ಮುಂದೆ ಸವೆಯುತ್ತದೆ ಅಂತ ಮೇಣದ ಪೆನ್ಸಿಲ್ಲೇ ಕೊಡುತ್ತಿದ್ದರು. ಅಷ್ಟು ಜತನದಿಂದ ಕಟ್ಟಿದ ಒಡಲಿಗೆ ಆಗದೇ ಇದ್ದ ಗಾಯ ಬರೆದರೆ, ಅದನ್ನು ಕಟ್ಟಿದ ಕೈಗಳು ಮರೆಯಾಗುತ್ತವೆ. ನೋಡುವವರು ಪೈಲಟನ ಶೌರ್ಯವನ್ನೇ ನೋಡುತ್ತಾರೆ, ರಿವೆಟ್ ಹೊಡೆದವನನ್ನು ಯಾರೂ ಕೇಳುವುದಿಲ್ಲ. ನಿನ್ನ ಮಾದರಿ ಅವನನ್ನು ತೋರಿಸಲಿ. ವಿಮಾನದ ಸಂಖ್ಯೆ ಖಾತ್ರಿಯಾದರೆ ಬರೆ, ಆಗದಿದ್ದರೆ ಆ ಜಾಗ ಖಾಲಿ ಬಿಡು. ಪೀಠದ ಮೇಲೆ ಕನ್ನಡದಲ್ಲಿ ಇಷ್ಟೇ ಇರಲಿ: ಹಾಕ್, ಹಿಂದುಸ್ತಾನ್ ಏರ್‌ಕ್ರಾಫ್ಟ್, ಬೆಂಗಳೂರು, ಜುಲೈ 1942.

ಕೌಲಿಂಗಿನ ಅಳತೆಯನ್ನು ಬರೆದು ಕಾಕಾನ ಕೈಯಲ್ಲಿ ಕಳಿಸು, ಮಿಲಿಮೀಟರಿನಲ್ಲಿ, ಹಾಳೆಯ ದಪ್ಪ ಕಳೆದು. ದೀಪಾವಳಿಗೆ ನೀನು ಬರುವಷ್ಟರಲ್ಲಿ ಅಚ್ಚು ಮಾಡಿಸಿ ಇಟ್ಟಿರುತ್ತೇನೆ.

ಇಂತಿ ನಿನ್ನ ಅಜ್ಜ