ಗ್ಯಾಸ್ ಗುಳಿಗೆ ಬರೆಯುವ ಮುನ್ನ

1. ನೋವು ಯಾವ ಹೊತ್ತಿಗೆ ಎಂದು ಮೊದಲು ಕೇಳಿ. ‘ನಡುರಾತ್ರಿ ಎಚ್ಚರ ಆಗ್ತೈತ್ರಿ, ಎರಡು ಬಿಸ್ಕತ್ ತಿಂದ್ರೆ ಕಮ್ಮಿ ಆಗ್ತೈತಿ’ ಎಂದರೆ ಡ್ಯುಯೊಡಿನಮ್, ಅಂದರೆ ಸಣ್ಣಕರುಳಿನ ಆರಂಭದಲ್ಲಿ ಹುಣ್ಣಿದೆ ಎಂಬ ಅನುಮಾನ ಬಲವಾಗುತ್ತದೆ. ಖಚಿತವಾಗುವುದು ಎಂಡೋಸ್ಕೋಪಿಯಲ್ಲಿ. ಆದರೆ ಬೆವರುತ್ತ ಬಂದು ‘ಗ್ಯಾಸ್’ ಎನ್ನುವವರಿಗೆ ಮೊದಲು ಇಸಿಜಿ.

2. ಹೊಸಪೇಟೆಯಲ್ಲಿ ತಪ್ಪೆಲ್ಲ ಮಂಡಕ್ಕಿ-ಮಿರ್ಚಿಯದು. ಮಿರ್ಚಿ ಉರಿ ಹೆಚ್ಚಿಸೀತು, ಹುಣ್ಣು ಮಾಡದು. ಹೆಚ್ಚಿನ ಹುಣ್ಣುಗಳಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಗುಳಿಗೆ. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಬೈಗುಳ ಮಾತ್ರ ಇನ್ನೂ ಮಿರ್ಚಿಗೇ.

3. ಕಂಪ್ಲಿ ಕಡೆ ಭತ್ತದ ನಾಟಿ ಶುರುವಾದರೆ ‘ಬೇರೆ ಔಷಧಿ ಇದೆಯೇ?’ ಎಂದು ಕೇಳಿ ಪ್ರಯೋಜನವಿಲ್ಲ, ಇಲ್ಲ ಎನ್ನುತ್ತಾರೆ. ‘ಸೊಂಟನೋವಿಗೆ ಏನು ನುಂಗ್ತೀರಮ್ಮಾ?’ ಎನ್ನಿ. ಸೆರಗಿನ ಗಂಟಿನಿಂದ ಹೆಸರಿನ ಭಾಗ ಕತ್ತರಿಸಿಹೋದ ಪಟ್ಟಿಯೊಂದು ಹೊರಬರುತ್ತದೆ. ಬಹಳ ಸಲ ಅದು ಡೈಕ್ಲೊಫೆನಾಕ್. ಅದನ್ನು ನಿಲ್ಲಿಸದೆ ಮೇಲೊಂದು ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲ್ ಕೊಟ್ಟರೆ ಅರ್ಧ ಕೆಲಸ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

4. ಆಮ್ಲ ಸುರಿಸುವ ಪಂಪುಗಳು ಚುರುಕಾಗುವುದು ಊಟಕ್ಕೆ. ಪ್ಯಾಂಟೊಪ್ರಝೋಲ್ ಅದಕ್ಕಿಂತ ಮೊದಲೇ ರಕ್ತದಲ್ಲಿರಬೇಕು. ಹಾಗಾಗಿ ತಿಂಡಿಗೆ ಅರ್ಧ ಗಂಟೆ ಮುಂಚೆ. ಅದಿರು ಲಾರಿ ಓಡಿಸುವವರಿಗೆ ಗಡಿಯಾರ ಹೇಳಿದರೆ ನಡೆಯದು. ಸಂಡೂರು ಬಿಡುವಾಗ ಗುಳಿಗೆ, ತೋರಣಗಲ್ಲಿನಲ್ಲಿ ಇಡ್ಲಿ ಎಂದರೆ ನೆನಪಿರುತ್ತದೆ. ಗುಳಿಗೆ ಪುಡಿ ಮಾಡಬಾರದು, ಜಗಿಯಬಾರದು.

5. ಹಂಪಿಯಲ್ಲಿ ಚಹಾ-ಬೀಡಿಯಲ್ಲೇ ಹಗಲು ದೂಡುವ ಆಟೋದವರಿಗೆ: ಬೀಡಿ ಬಿಡದಿದ್ದರೆ ಹುಣ್ಣು ಮಾಯುವುದು ತಡ.

6. ನೋವು ಕೆಲವೇ ದಿನಗಳಲ್ಲಿ ತಗ್ಗುತ್ತದೆ, ಹುಣ್ಣು ಮಾಯಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಈ ನಡುವೆಯೇ ಜನ ಗುಳಿಗೆ ಬಿಡುವುದು. ಪೈಲೊರಿ ಇದ್ದರೆ ಆಮ್ಲದ ಗುಳಿಗೆಯೊಂದೇ ಸಾಲದು. ಜೊತೆಗೆ ಆ್ಯಂಟಿಬಯಾಟಿಕ್‌ಗಳು, ಸಾಮಾನ್ಯವಾಗಿ 14 ದಿನ. ಪೈಲೊರಿ ಪರೀಕ್ಷೆಗೆ 2 ವಾರ ಮೊದಲೇ ಆಮ್ಲದ ಗುಳಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಸೋಂಕಿದ್ದರೂ ಇಲ್ಲವೆಂದು ಬರಬಹುದು. ಕೋರ್ಸ್ ಮುಗಿದು 4 ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷೆ. ಇದಕ್ಕೆ ಬರುವವರು ಕಡಿಮೆ. ಚೀಟಿಯ ಮೇಲೆ ತಾರೀಖು ಬರೆದು, ಮನೆಯವರಿಗೂ ಹೇಳಿ ಕಳಿಸುವುದು ಒಳ್ಳೆಯದು.

7. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಡಾಂಬರಿನಂತೆ ಅಂಟಿ, ಕೆಟ್ಟ ನಾತ ಬಂದರೆ ಅದು ಒಳಗಿನ ರಕ್ತ. ಇದ್ದಕ್ಕಿದ್ದಂತೆ ಹೊಟ್ಟೆ ಸೆಟೆದು, ಅಲುಗಾಡಲಾಗದ ನೋವು ಬಂದರೆ ಕರುಳು ತೂತಾಗಿರಬಹುದು. ಎರಡರಲ್ಲೂ ಏನೂ ತಿನ್ನಿಸದೆ, ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.