ಗಾಯದ ಗುರುತು ಇರಲಿ: ನೊಂದ ವಿಶ್ವಾಸಿಗೆ ಒಂಬತ್ತು ಸೂತ್ರಗಳು

ದೀಕ್ಷಾಸ್ನಾನ ಆಯಿತು, ಹೊಸ ಬದುಕು ಸಿಕ್ಕಿತು, ಇನ್ನೂ ಹಳೆಯದನ್ನೇ ಯಾಕಮ್ಮ ನೆನೆಯುತ್ತೀಯ ಎಂದು ಸಭೆಯ ಹಿರಿಯರು ಕೇಳುವುದುಂಟು. ನೆನೆಯಬೇಕೆಂದು ಯಾರೂ ಕೂರುವುದಿಲ್ಲ. ರಾತ್ರಿ ಎರಡು ಗಂಟೆಗೆ ಅದೇ ಬಂದು ಎಬ್ಬಿಸುತ್ತದೆ. ಕುಡಿದು ಹೊಡೆಯುತ್ತಿದ್ದ ಅಪ್ಪ, ಮುರಿದ ಮದುವೆ, ಮಣ್ಣು ಮಾಡಿ ಬಂದ ಮಗು, ಇಂದಿಗೂ ಯಾರಿಗೂ ಹೇಳದ ಬಾಲ್ಯದ ಒಂದು ಮಧ್ಯಾಹ್ನ. ವಿಶ್ವಾಸ ಇವನ್ನೆಲ್ಲ ಒಂದೇ ಕೂಟದಲ್ಲಿ ಅಳಿಸಿಹಾಕುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಇವುಗಳ ಜೊತೆಗೇ ಬದುಕುವ, ಇವುಗಳಿಂದಲೇ ಏನನ್ನಾದರೂ ಕಟ್ಟುವ ಬಲ ಕೊಡುತ್ತದೆ ಎಂಬುದನ್ನು ನಂಬುತ್ತೇನೆ. ಅದಕ್ಕೆ ಪಂಡಿತಾ ರಮಾಬಾಯಿಯವರಿಗಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ನಮ್ಮದೇ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿ, ಮುಂದೆ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಪಂಡಿತೆ ಅವರು. ಈ ಸೂತ್ರಗಳಲ್ಲಿ ಅವರು ಮತ್ತೆ ಮತ್ತೆ ಬರುತ್ತಾರೆ.

1. ಮೊದಲು ಊಟ, ನಿದ್ದೆ

ಪ್ರವಾದಿ ಎಲೀಯ ರಾಣಿಗೆ ಹೆದರಿ ಅಡವಿಗೆ ಓಡಿದ, ಗಿಡದ ಕೆಳಗೆ ಕೂತು ಸಾವು ಬೇಡಿದ. ಬಂದ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎಬ್ಬಿಸಿ ಇನ್ನೊಮ್ಮೆ ಉಣಿಸಿದ. ದೇವರೊಂದಿಗೆ ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನಿದ್ದೆಗೆಟ್ಟು ಬಾಡಿದವರನ್ನು ಉಪವಾಸ ಪ್ರಾರ್ಥನೆಗೆ ಎಳೆದೊಯ್ಯುವ ಉತ್ಸಾಹಿಗಳು ಒಂದನೆಯ ಅರಸುಗಳ 19ನೇ ಅಧ್ಯಾಯವನ್ನು ಒಮ್ಮೆ ಓದಿಕೊಳ್ಳಲಿ.

2. ದೇವರ ಮೇಲಿನ ಸಿಟ್ಟನ್ನು ದೇವರಿಗೇ ಹೇಳಿ

ಕೀರ್ತನೆಗಳೆಂದರೆ ಬರೀ ಸ್ತುತಿ ಎಂದುಕೊಂಡಿದ್ದರೆ 88ನೆಯದನ್ನು ತೆರೆಯಿರಿ. ಉದ್ದಕ್ಕೂ ದೂರು, ಮುಗಿಯುವುದೂ ಕತ್ತಲಲ್ಲೇ. ಕೊನೆಗೊಂದು ಸಮಾಧಾನದ ಸಾಲು ಸೇರಿಸಿ ಚೆಂದಗಾಣಿಸುವ ಗೋಜಿಗೆ ಯಾರೂ ಹೋಗಿಲ್ಲ. ದೇವರು ಯಾಕೆ ಕೈಬಿಟ್ಟ ಎಂಬ 22ನೇ ಕೀರ್ತನೆಯ ಪ್ರಶ್ನೆಯನ್ನು ಯೇಸುವೇ ಶಿಲುಬೆಯ ಮೇಲೆ ಕೂಗಿ ಕೇಳಿದ್ದಾರೆ. ಹಾಗಿರುವಾಗ ನಿಮ್ಮ ಪ್ರಶ್ನೆಗೆ ಅವಿಶ್ವಾಸದ ಹಣೆಪಟ್ಟಿ ಯಾಕೆ?

ರಮಾಬಾಯಿಯವರೂ ತಲೆಬಾಗಿ ಸುಮ್ಮನಿದ್ದವರಲ್ಲ. ಇಂಗ್ಲೆಂಡಿನಲ್ಲಿ ತಮಗೆ ಆಸರೆಯಾದ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೇ ಪತ್ರಗಳಲ್ಲಿ ವಾದಕ್ಕೆ ನಿಂತರು. ಪಾದ್ರಿಗಳು ಹೇಳಿದರೆಂಬ ಒಂದೇ ಕಾರಣಕ್ಕೆ ಮನಸ್ಸಾಕ್ಷಿ ಒಪ್ಪದ್ದನ್ನು ಒಪ್ಪಲಾರೆ ಎಂಬುದು ಅವರ ನಿಲುವಾಗಿತ್ತು. ನೀವೂ ಒಂದು ನೋಟ್‌ಬುಕ್ ಹಿಡಿದು ನಿಮ್ಮ ದೂರನ್ನು ನೇರ ದೇವರಿಗೇ ಬರೆಯಿರಿ. ವ್ಯಾಕರಣ ಬೇಡ. ಆಮೆನ್ ಕೂಡ ಆಮೇಲೆ ನೋಡಿಕೊಳ್ಳೋಣ.

3. ಕೇಳಿಸಿಕೊಳ್ಳುವ ಒಬ್ಬರು ಸಾಕು

ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. ಏಳು ನಿಮಿಷ ಸುಮ್ಮನೆ ಕೇಳಬಲ್ಲ ಒಬ್ಬರನ್ನು ಹುಡುಕಿ: ಸಭಾಪಾಲಕರು, ಒಬ್ಬ ಸಿಸ್ಟರ್, ಅಕ್ಕನ ಹಾಗಿರುವ ಗೆಳತಿ, ಯಾರಾದರೂ ಸರಿ. ಕೇಳಿದ್ದನ್ನು ‘ಪ್ರಾರ್ಥನಾ ವಿಷಯ’ ಎಂದು ವಾಟ್ಸಾಪ್ ಗುಂಪಿಗೆ ಹಾಕುವವರಿಂದ ದೂರವಿರಿ.

ಮೈಕಿನ ಮುಂದೆ ಸಾಕ್ಷಿ ಹೇಳಲು ಕರೆದರೆ ತಡೆಯಿರಿ. ಹೇಳಿ ಮನೆಗೆ ಬಂದ ರಾತ್ರಿ ನಿಮ್ಮ ಜೊತೆ ಯಾರಿರುತ್ತಾರೆ ಎಂಬುದು ಮೊದಲು ಗೊತ್ತಿರಬೇಕು. ಕೂಟ ಮುಗಿದ ಮೇಲೆ ಯೂಟ್ಯೂಬಿನಲ್ಲಿ ಉಳಿಯುವುದು ನಿಮ್ಮ ಮುಖ.

4. ನಾಚಿಕೆ ಯಾರದ್ದೋ ಅವರಿಗೇ ಬಿಡಿ

ಇಂಗ್ಲೆಂಡಿನಲ್ಲಿದ್ದಾಗ ರಮಾಬಾಯಿಯವರನ್ನು ಸಿಸ್ಟರುಗಳು ಲಂಡನ್ನಿನ ಫುಲಂನಲ್ಲಿದ್ದ ಒಂದು ಆಶ್ರಯಕ್ಕೆ ಕರೆದೊಯ್ದರು. ಸಮಾಜ ‘ಕೆಟ್ಟವರು’ ಎಂದು ಹೊರದಬ್ಬಿದ ಹೆಣ್ಣುಮಕ್ಕಳನ್ನು ಅಲ್ಲಿ ಪ್ರೀತಿಯಿಂದ ಸಲಹುತ್ತಿದ್ದರು. ಇವರ ಮೇಲೆ ನಿಮಗೇಕೆ ಇಷ್ಟು ಕಾಳಜಿ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ, ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದ ಸಮಾರ್ಯದ ಹೆಂಗಸಿನ ಕಥೆ. ಐದು ಗಂಡಂದಿರನ್ನು ಕಂಡ ಆಕೆ ನಡು ಮಧ್ಯಾಹ್ನ ನೀರಿಗೆ ಬಂದಾಗ, ಯೇಸು ಆಕೆಯ ಇತಿಹಾಸವೆಲ್ಲ ಗೊತ್ತಿದ್ದೂ ಕುಡಿಯಲು ನೀರು ಕೇಳಿದರು. ಕ್ರಿಸ್ತನ ಕಡೆಗೆ ತಮ್ಮನ್ನು ಸೆಳೆದದ್ದು ಈ ಭೇಟಿ ಎಂದು ರಮಾಬಾಯಿ ಮುಂದೆ ಬರೆದರು. ನಿಮ್ಮ ಮೇಲೆ ಬೇರೊಬ್ಬರು ಎಸಗಿದ್ದಕ್ಕೆ ನೀವು ಪಾಪನಿವೇದನೆ ಮಾಡಬೇಕಾದ್ದಿಲ್ಲ.

5. ಮಾತ್ರೆ ನುಂಗಿದರೆ ವಿಶ್ವಾಸ ಕರಗುವುದಿಲ್ಲ

ಸುವಾರ್ತೆ ಬರೆದ ಲೂಕ ವೈದ್ಯ. ಹೊಟ್ಟೆನೋವಿನ ತಿಮೊಥೆಯನಿಗೆ ಪೌಲ ಸೂಚಿಸಿದ್ದು ಸ್ವಲ್ಪ ದ್ರಾಕ್ಷಾರಸ, ಕೈಯಿಟ್ಟು ಪ್ರಾರ್ಥಿಸುವ ಕೂಟವಲ್ಲ. ಮಿಷನರಿಗಳೇ ಕಟ್ಟಿದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ದಶಕಗಳಿಂದ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಬದುಕು ಬೇಡವೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನಿಲ್ಲಿಸಿ ವಿಶ್ವಾಸ ತೋರಿಸು ಎನ್ನುವ ಬೋಧಕರು ಸಿಕ್ಕರೆ, ಅವರ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲಿಗೆ ಬಂತು ಎಂದು ವಿಚಾರಿಸಿ.

6. ಕ್ಷಮೆ ಬೇರೆ, ನಂಬಿಕೆ ಬೇರೆ

ನೊಂದವರಿಗೆ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಅದೂ ವೇದಿಕೆಯ ಮೇಲಿಂದ. ಕ್ಷಮಿಸು, ಮನೆಗೆ ವಾಪಸು ಹೋಗು, ಸಂಸಾರ ಉಳಿಸಿಕೋ. ಈ ಮೂರನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಯೋಸೇಫ ಹಾಗೆ ಮಾಡಲಿಲ್ಲ. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ತನ್ನನ್ನು ಮಾರಿದ ಅಣ್ಣಂದಿರು ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದಾಗ ಅವನು ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಗುರುತು ಮರೆಸಿದ, ಗೂಢಚಾರರೆಂದು ಗದರಿಸಿದ, ಸಿಮೆಯೋನನನ್ನು ಹಿಡಿದಿಟ್ಟ, ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇರಿಸಿ ಪರೀಕ್ಷಿಸಿದ. ನಡುನಡುವೆ ಒಳಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದ. ಅಂದು ಮಾರಿಬಿಡೋಣ ಎಂದಿದ್ದ ಯೆಹೂದನೇ ಈಗ ತಮ್ಮನ ಬದಲು ತಾನು ಗುಲಾಮನಾಗುತ್ತೇನೆಂದು ಮುಂದೆ ಬಂದ ಮೇಲಷ್ಟೇ ತಾನು ಯಾರೆಂದು ಹೇಳಿದ. ಅಣ್ಣಂದಿರು ಬದಲಾಗಿದ್ದಾರೆಂದು ಕಣ್ಣಾರೆ ಕಾಣದೆ ಅವನು ಬಾಗಿಲು ತೆರೆಯಲಿಲ್ಲ. ನೀವೂ ತೆರೆಯಬೇಡಿ.

ಹಾಗೆಂದು ಕ್ಷಮೆಯನ್ನೇ ಬದಿಗಿಡಲೂ ಆಗದು. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ ನಾತ್ಸಿಗಳ ರಾವೆನ್ಸ್‌ಬ್ರೂಕ್ ಶಿಬಿರ ಸೇರಿದ ಡಚ್ ಮಹಿಳೆ ಕೋರಿ ಟೆನ್ ಬೂಮ್ ಅಲ್ಲೇ ಅಕ್ಕ ಬೆಟ್ಸಿಯನ್ನು ಕಳೆದುಕೊಂಡರು. 1947ರಲ್ಲಿ ಮ್ಯೂನಿಕ್ಕಿನ ಒಂದು ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ ಆ ಶಿಬಿರದ ಕಾವಲುಗಾರನೇ ಬಂದು ಕೈ ಚಾಚಿದ. ಅವರ ಕೈ ಮೇಲೇಳಲಿಲ್ಲ. ನನ್ನಿಂದಾಗದು, ನೀನೇ ನಡೆಸು ಎಂದು ಒಳಗೇ ಬೇಡಿಕೊಂಡು ಕೈ ಎತ್ತಿದರು. ಪ್ರೀತಿ ಹುಟ್ಟಿದ್ದು ಕೈ ಸೇರಿದ ಮೇಲೆ. ಮನಸ್ಸು ಮೃದುವಾಗಲಿ, ಆಮೇಲೆ ಕ್ಷಮಿಸೋಣ ಎಂದು ಕಾಯುವವರಿಗೆ ಇದು ನೆನಪಿರಲಿ.

ಕ್ಷಮಿಸಿದ ಮೇಲೂ ದೂರು ಕೊಡಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ‘ಸಭೆಯ ಮರ್ಯಾದೆ’ಗೆ ಅದರಲ್ಲಿ ವಿನಾಯಿತಿ ಇಲ್ಲ. ಸಹಾಯವಾಣಿ ಮಕ್ಕಳಿಗೆ 1098, ಮಹಿಳೆಯರಿಗೆ 181.

7. ತಪ್ಪು ನಿಮ್ಮದೇ ಆಗಿದ್ದರೆ

ಪೇತ್ರ ಇದ್ದಲು ಬೆಂಕಿಯ ಪಕ್ಕ ನಿಂತು ಗುರುವನ್ನು ಮೂರು ಸಲ ಅಲ್ಲಗಳೆದ. ಪುನರುತ್ಥಾನದ ನಂತರ ಗಲಿಲಾಯ ಸರೋವರದ ದಡದಲ್ಲಿ ಯೇಸು ಮತ್ತೊಂದು ಇದ್ದಲು ಬೆಂಕಿಯಲ್ಲಿ ಮೀನು ಸುಟ್ಟು, ತಿಂಡಿ ಕೊಟ್ಟು, ಮೂರೇ ಸಲ ಪ್ರಶ್ನೆ ಕೇಳಿದರು. ಆ ರಾತ್ರಿಯನ್ನು ಮುಟ್ಟದೆ ಪೇತ್ರನನ್ನು ಎಬ್ಬಿಸಲು ಬರುತ್ತಿರಲಿಲ್ಲ. ಕಥೋಲಿಕರಿಗೆ ಪಾಪನಿವೇದನೆ ಇದೆ, ಕೇಳಿದ್ದನ್ನು ಹೊರಗೆಡಹದಂತೆ ಗುರುಗಳಿಗೆ ಕಟ್ಟುನಿಟ್ಟು ಇದೆ. ಪ್ರೊಟೆಸ್ಟಂಟರು ನಂಬಿಗಸ್ತ ಹಿರಿಯರೊಬ್ಬರ ಮುಂದೆ ಹೇಳಿಕೊಳ್ಳಲಿ. ಹೇಳಿದ ಮೇಲೆ ಜಕ್ಕಾಯನ ದಾರಿ: ಕಿತ್ತುಕೊಂಡದ್ದನ್ನು ತಿರುಗಿ ಕೊಡಿ. ಆತ ನಾಲ್ಕರಷ್ಟು ಕೊಡಲು ಒಪ್ಪಿದ್ದ.

8. ಗಡುವು ಹಾಕಬೇಡಿ

ರಮಾಬಾಯಿ ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ, ಇಂಗ್ಲೆಂಡಿನ ವಾಂಟೇಜಿನಲ್ಲಿ, ಪುಟ್ಟ ಮಗಳು ಮನೋರಮಾ ಜೊತೆಗೆ. ಆದರೆ ತಮಗಾಗ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನೇ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ ಎಂದು ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಅಷ್ಟು ದೊಡ್ಡ ಪಂಡಿತೆಗೇ ಅಷ್ಟು ಕಾಲ ಬೇಕಾಯಿತು. ಇನ್ನೂ ಒಂದು ಮಾತು: ಎದ್ದುಬಂದ ಯೇಸುವಿನ ಮೈಮೇಲೂ ಮೊಳೆಯ ಗುರುತು ಉಳಿದಿತ್ತು, ತೋಮನಿಗೆ ತೋರಿಸಿದ್ದು ಅದನ್ನೇ. ವಾಸಿಯಾದ ಮೇಲೂ ಗುರುತು ಕಾಣುತ್ತಿದೆಯೆಂದು ಗಾಬರಿಯಾಗಬೇಡಿ.

9. ನೋವಿಗೆ ಕೆಲಸ ಕೊಡಿ, ಹದ ಬಂದ ಮೇಲೆ

1870ರ ದಶಕದ ಬರದಲ್ಲಿ ರಮಾಬಾಯಿಯವರ ಅಪ್ಪ, ಅಮ್ಮ, ಅಕ್ಕ ಮೂವರೂ ತೀರಿಕೊಂಡರು. ಅಮ್ಮನ ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಸಿಗಲಿಲ್ಲ. ನಾಲ್ಕನೆಯವಳಾಗಿ ಈ ಹುಡುಗಿಯೇ ನಿಂತಳು. ಗಿಡ್ಡಗಿದ್ದ ಕಾರಣ ಹೆಗಲು ಎಟುಕದೆ ತಲೆಯ ಮೇಲೆ ಹೊತ್ತಳು. 1880ರಲ್ಲಿ ಅಣ್ಣ ಹೋದ, 1882ರಲ್ಲಿ ಕಾಲರಾಕ್ಕೆ ಗಂಡ.

1896-97ರಲ್ಲಿ ಮಧ್ಯ ಪ್ರಾಂತಕ್ಕೆ ಬರ ಬಿದ್ದ ಸುದ್ದಿ ಬಂತು. ರಮಾಬಾಯಿ ತಾವೇ ಹೊರಟರು. ಹಸಿದ ಹುಡುಗಿಯರ ಕಣ್ಣಲ್ಲಿ ಏನಿದೆಯೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ನೂರಾರು ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವ್‌ಗೆ ಕರೆತಂದರು; ಅಲ್ಲಿ ಮುಕ್ತಿ ಮಿಷನ್ ಬೆಳೆಯಿತು. ಹುಡುಗಿಯರು ಹೊಲ ನೋಡಿಕೊಂಡರು, ನೇಯ್ದರು, ಮುದ್ರಣಾಲಯ ನಡೆಸಿದರು. ಕುರುಡರಿಗೆ ಬ್ರೈಲ್ ಕಲಿಸಿದರು. ಒಂದು ಬರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷ ಇತ್ತು ಎಂಬುದನ್ನು ಮಾತ್ರ ಮರೆಯಬೇಡಿ. ನಿನ್ನೆ ನೊಂದವರು ಇಂದೇ ಆಪ್ತಸಮಾಲೋಚಕರಾಗಲು ಹೊರಟರೆ ಇಬ್ಬರೂ ಮುಳುಗುತ್ತಾರೆ. ಸಣ್ಣದರಿಂದ ಶುರುಮಾಡಿ: ಆಸ್ಪತ್ರೆಯಲ್ಲಿರುವ ಒಬ್ಬರಿಗೆ ಊಟ ಒಯ್ಯಿರಿ, ಸಾವಿನ ಮನೆಯಲ್ಲಿ ಹೋಗಿ ಸುಮ್ಮನೆ ಕೂತು ಬನ್ನಿ.

ರಮಾಬಾಯಿಯವರಿಗೆ ಕೊನೆಯ ಪೆಟ್ಟು ಬಿದ್ದದ್ದು 1921ರಲ್ಲಿ, ಮನೋರಮಾ ತೀರಿಕೊಂಡಾಗ. ಆಗ ಅವರ ಮೇಜಿನ ಮೇಲೆ ಹೀಬ್ರೂ, ಗ್ರೀಕ್ ಮೂಲಗಳಿಂದ ತಾವೇ ಮಾಡುತ್ತಿದ್ದ ಮರಾಠಿ ಬೈಬಲ್ ಅನುವಾದ ಇತ್ತು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಮುಕ್ತಿ ಮಿಷನ್ ಇಂದಿಗೂ ನಡೆಯುತ್ತಿದೆ. ಕೇಡಗಾಂವ್ ಇರುವುದು ಸೊಲ್ಲಾಪುರ–ಪುಣೆ ರೈಲು ದಾರಿಯಲ್ಲಿ. ಕಲಬುರಗಿ ಕಡೆಯಿಂದ ಪುಣೆಗೆ ಹೋಗುವವರು ಒಮ್ಮೆ ಇಳಿದು ನೋಡಿ ಬನ್ನಿ.